ಕೋಫ್ತಾಕ್ಕೆ ಉಪ್ಪು

“ಉಪ್ಪು ಹಾಕೇನೋ ಇಲ್ಲೋ, ಅದ ನೆನಪಾಗವಲ್ದರೀ!”

“ಹಾಕಿರ್ತಿ ಬಿಡು.”

“ಇರ್ತಿ ಅಂದ್ರ? ಹೋದ ವರ್ಷ ನಿಮ್ಮ ಆಪಾ ‘ಇದು ದವಾಖಾನಿ ಊಟ’ ಅಂದಿದ್ದು ಮರತ್ರೇನು?”

ಕೇಶ್ವಾಪುರದ ಆ ಅಡುಗೆಮನೆಯಲ್ಲಿ ರಂಜಾನಿನ ಸಂಜೆ. ಬೇಯಿಸಿದ ಮೊಟ್ಟೆಗೆ ಮಾಂಸದ ಮಸಾಲೆ ಖೀಮಾ ಹೊದಿಸಿ, ಕರಿದು, ರಸಕ್ಕೆ ಬಿಟ್ಟು ನಾಹಿದಾ ನರ್ಗಿಸಿ ಕೋಫ್ತಾ ಮಾಡಿದ್ದಳು. ರೋಜಾ ಉಪವಾಸ ಬಿಡುವ ಹೊತ್ತಿಗೆ ಗಂಡನ ಅಕ್ಕ ಬರುವವಳಿದ್ದಳು. ಆಕೆಯ ನಾಲಿಗೆ ಎಂದರೆ ನಾಹಿದಾಳಿಗೆ ನಡುಕ.

ಗಂಡ ಕಮರುದ್ದೀನನ ನಡುಕವೇ ಬೇರೆ. ಮಧ್ಯಾಹ್ನ ಹೆಂಡತಿ ನಮಾಜಿಗೆ ನಿಂತಾಗ ಈ ಮಹಾಶಯ ಹಸಿವು ತಾಳದೆ ಒಂದು ಕೋಫ್ತಾ ರಸದ ಸಮೇತ ಗುಳುಂ ಮಾಡಿದ್ದ. ಉಪ್ಪು ಹದವಾಗಿತ್ತು. ಹೇಳುವ ಹಾಗಿರಲಿಲ್ಲ.

“ನಾಲಿಗಿ ತುದಿಗೆ ಹಚ್ಚಿ ಉಗುಳಿದ್ರ ನಡೀತೈತಂತಲ್ಲ?”

“ಇಷ್ಟು ಹಸದಾಗ ನುಂಗಿಬಿಟ್ರ? ನನ್ನ ಮ್ಯಾಲ ನನಗ ಭರೋಸಾ ಇಲ್ಲ. ನೀವ ನೋಡ್ರಿ.”

“ನಾನೂ ರೋಜಾ ಹಿಡದೇನಲ್ಲ!” ದನಿ ಬೇಕಾದ್ದಕ್ಕಿಂತ ಜೋರಾಯಿತು.

ಗದ್ದಲ ಕೇಳಿ ಪಕ್ಕದ ಮನೆಯ ಗೌರಕ್ಕ ಹಿತ್ತಲ ಬಾಗಿಲಲ್ಲಿ ಇಣುಕಿದಳು.

“ಗೌರಕ್ಕಾ, ನಿಮಗ ಉಪವಾಸಿಲ್ಲಲ್ಲ, ಒಂಚೂರು ರುಚಿ ನೋಡ್ರಿ.”

“ಶಿವನ! ಲಿಂಗ ಕಟ್ಟಿದ ಕೊಳ್ಳಾಗ ಖೀಮಾ ಇಳಸ್ತಿ ಏನವಾ? ಬೇಕಾದ್ರ ವಾಸನಿ ನೋಡ್ತೇನಿ.” ನಿಂತಲ್ಲಿಂದಲೇ ಮೂಗೆಳೆದಳು. “ಬಳ್ಳೊಳ್ಳಿ ಐತಿ. ಉಪ್ಪಿಂದು ನನಗ ಗೊತ್ತಾಗೂದಿಲ್ಲ.”

“ಬಣ್ಣ ನೋಡಿದ್ರ ಹಾಕಿದಂಗ ಕಾಣ್ತೈತಿ,” ಎಂದ ಕಮರುದ್ದೀನ.

“ಉಪ್ಪಿಗೆ ಬಣ್ಣ ಎಲ್ಲಿಂದ ಬಂತ್ರೀ?”

“ಹಂಗಲ್ಲ, ನಿನ್ನ ಕೈ ಇಷ್ಟು ವರ್ಷ ತಪ್ಪಿಲ್ಲ…”

“ಹೋದ ವರ್ಷ ತಪ್ಪಿತ್ತು! ಸಾಕಿನ್ನ. ಒಂದು ಮುಷ್ಟಿ ಹಾಕಿಬಿಡ್ತೇನಿ, ಆಗೂದಾಗ್ಲಿ.”

ಅವಳ ಮುಷ್ಟಿ ಪಾತ್ರೆಯ ಮೇಲೆ ಬಂತು. ಅಷ್ಟು ಒಳ್ಳೆಯ ಕೋಫ್ತಾ! ಕಮರುದ್ದೀನನಿಗೆ ತಡೆಯಲಾಗಲಿಲ್ಲ.

“ಹಾಕಬ್ಯಾಡ! ಉಪ್ಪು ಬರೋಬ್ಬರಿ ಐತಿ!”

ಗೌರಕ್ಕ ಬಾಯಿಗೆ ಸೆರಗು ಹಿಡಿದಳು. ನಾಹಿದಾ ನಿಧಾನವಾಗಿ ಉಪ್ಪನ್ನು ಡಬ್ಬಿಗೆ ಸುರಿದು, ಮುಚ್ಚಳ ಹಾಕಿ, ಗಂಡನ ಕಡೆ ತಿರುಗಿದಳು. ಕಮರುದ್ದೀನ ತನ್ನ ಎರಡೂ ಕಿವಿ ಹಿಡಿದುಕೊಂಡ.

“ತಲಿ ತಿರಗಾಕತ್ತಿತ್ತು… ಒಂದ ತಿಂದೇನಿ. ಅಲ್ಲಾನ ಆಣಿ, ಒಂದ.”

“ಖಾರ?”

“ಆಂ?”

“ಹೆಂಗೂ ರೋಜಾ ಮುರದೈತಿ. ಖಾರ ಹೆಂಗಾಗೇತಿ ಅದನ್ನೂ ಹೇಳಿಬಿಡ್ರಿ, ನಿಮ್ಮ ಆಪಾ ಬರೂ ಹೊತ್ತಾತು!”