ತಪ್ಪು ಕರುಳಿನದು

ದೊಡ್ಡಬಳ್ಳಾಪುರದ ಬಸ್ ಸ್ಟ್ಯಾಂಡಿನಲ್ಲಿ ಅತ್ತೆ ದ್ಯಾವಮ್ಮನವರನ್ನು ಕರೆತರಲು ಮರೆತು ಉರಿಬಿಸಿಲಲ್ಲಿ ಕಾಯಿಸಿದ ಅಪರಾಧಿ ನಾನಲ್ಲ, ನನ್ನ ಕರುಳು. ಹೊಟ್ಟೆ ಕೆಟ್ಟರೆ ಮಿದುಳೂ ಕೆಡುತ್ತದೆಂದು ಮೊಬೈಲಿನಲ್ಲಿ ಯಾರೋ ಗಡ್ಡದ ಮಹಾನುಭಾವರು ಅಪ್ಪಣೆ ಕೊಡಿಸಿದ್ದರು. ಆ ವಿಡಿಯೋವನ್ನು ತಕ್ಷಣ ಹೆಂಡತಿ ಪ್ರಮೋದಾಳ ಮುಖಕ್ಕೆ ಹಿಡಿದೆ.

"ನೋಡೇ, ನಾನೇನು ಬೇಕು ಅಂತ ಮರೀತೀನಾ? ಇದು ಕರುಳಿನ ಕಾಯಿಲೆ!"

ಬೈಯುತ್ತಾಳೆಂದುಕೊಂಡಿದ್ದೆ. ನನ್ನ ಕರುಳಿನ ಕತೆ ಅವಳ ಕರುಳು ಹಿಂಡಿತು. "ಅಯ್ಯೋ, ಇಷ್ಟು ದಿನ ಸುಮ್ನೆ ಬೈದ್ನಲ್ರೀ!" ಎಂದು ಕಣ್ಣೊರೆಸಿಕೊಂಡಳು. ಮದುವೆಯಾದ ಮೇಲೆ ನಾನು ಗೆದ್ದ ಏಕೈಕ ವಾದವದು. ಆ ವಿಜಯೋತ್ಸವ ಊಟದ ಹೊತ್ತಿನವರೆಗೂ ಬಾಳಿತು.

ನನ್ನ ತಟ್ಟೆಯಲ್ಲಿ ಉಪ್ಪು ಖಾರ ಕಾಣದ ಬೇಯಿಸಿದ ಸೋರೆಕಾಯಿ. ಜೊತೆಗೆ ಹುಳಿ ಬಂದ ರಾಗಿ ಅಂಬಲಿ. ಅತ್ತೆಯವರ ತಟ್ಟೆಯಲ್ಲಿ ಮುದ್ದೆ, ನಾಟಿ ಕೋಳಿ ಸಾರು.

"ನಂಗೆ ಕೋಳಿ?"

"ಮಿದುಳು ಮುಖ್ಯಾನೋ, ಕೋಳಿ ಮುಖ್ಯಾನೋ?"

"ತಿನ್ನಿ ಅಳಿಯಂದ್ರೇ, ತಲೆ ನೆಟ್ಟಗಾಗ್ಲಿ," ಎಂದು ಅತ್ತೆ ಮೂಳೆ ಚೀಪುತ್ತಲೇ ಸಾಂತ್ವನ ಹೇಳಿದರು.

ವಾರದೊಳಗೆ ನನ್ನ ಬೆಲ್ಟಿಗೆ ಹೊಸ ತೂತು ಬಿತ್ತು. ಬೋಂಡ ಅಂಗಡಿ ಮುನಿರಾಜನಿಗೂ ಮನೆಯಿಂದ ರಾಜಾಜ್ಞೆ ಹೋಗಿತ್ತು. ("ಅಕ್ಕ ಬೈತಾರಣ್ಣ. ಮೊದ್ಲು ತಲೆ ಹುಷಾರು ಮಾಡ್ಕೊಳ್ಳಿ.") ಹಸಿವು ತಡೆಯಲಾರದೆ, ಡಾಕ್ಟರ್ ಅಕ್ಷತ ಅವರ ಬಳಿಗೆ ಹೋಗೋಣವೆಂದು ನಾನೇ ಹಟ ಹಿಡಿದೆ.

ನಮ್ಮ ಕತೆಯೆಲ್ಲ ಕೇಳಿ ಡಾಕ್ಟರು ನಕ್ಕರು. "ಹೊಟ್ಟೆಗೂ ಮಿದುಳಿಗೂ ನಂಟಿದೆ, ಅದರ ಬಗ್ಗೆ ಸಂಶೋಧನೆ ನಡೀತಾನೇ ಇದೆ. ಆದ್ರೆ ಸೋರೆಕಾಯಿ ತಿಂದ್ರೆ ಮರೆವು ಹೋಗುತ್ತೆ ಅಂತ ಯಾರೂ ಸಾಬೀತು ಮಾಡಿಲ್ಲ. ಮೊದ್ಲು ನಿಮ್ಮ ನೆನಪು ನೋಡೋಣ. ಈಚೆಗೆ ಮನೇಲಿ ನಿಮಗೆ ಏನೇನು ಕೆಲಸ ಹೇಳಿದ್ರು?"

ಪಾಸಾದರೆ ಪಥ್ಯ ಮುಗಿಯುತ್ತದೆ! ಕಣ್ಣ ಮುಂದೆ ಕೋಳಿ ಸಾರು ಕುದಿಯಿತು. ಒಂದೇ ಉಸಿರಿಗೆ ಒಪ್ಪಿಸಿದೆ.

"ಮಿಕ್ಸಿ ರಿಪೇರಿಗೆ ಕೊಡೋದು. ನೀರಿನ ತೊಟ್ಟಿ ತೊಳೆಯೋದು. ನಾದಿನಿ ಕವಿತಂಗೆ ಫೋನ್ ಮಾಡೋದು. ಅತ್ತೆ ಹನ್ನೊಂದೂವರೆಗೆ ದೊಡ್ಡಬೆಳವಂಗಲದ ಬಸ್ಸಲ್ಲಿ ಬರ್ತಾರೆ, ಮಂಡಿನೋವು, ಕೈಯಲ್ಲಿ ಚೀಲ ಇರುತ್ತೆ, ಬೇಗ ಹೋಗಿ ಅಂದಿದ್ಲು..."

"ಭೇಷ್! ನಿಮಗೆ ಮರೆವೇ ಇಲ್ಲ," ಎಂದರು ಡಾಕ್ಟರು.

ಪಕ್ಕದ ಕುರ್ಚಿ ಕಿರುಗುಟ್ಟಿತು. ಪ್ರಮೋದಾ ಎದ್ದು ನಿಂತಿದ್ದಳು.

"ಅಂದ್ರೆ... ಎಲ್ಲಾ ಗೊತ್ತಿತ್ತಾ?"

"ಇದಕ್ಕೆ ನನ್ನ ಹತ್ರ ಔಷಧಿ ಇಲ್ಲ," ಎಂದ ಡಾಕ್ಟರು ಪ್ರಮೋದಾಳತ್ತ ನೋಡಿದರು. "ಇವ್ರ ಹತ್ರ ಇರ್ಬಹುದು."

ದಾರಿಯುದ್ದಕ್ಕೂ ಆ ಔಷಧಿ ಸೇವಿಸುತ್ತಾ ಮನೆ ತಲುಪಿದೆ. ಆದರೂ ಪಥ್ಯ ಮುಗಿದು ತಟ್ಟೆಗೆ ಮುದ್ದೆ, ಕೋಳಿ ಸಾರು ಬಂತು. ಮೊದಲ ತುತ್ತು ನುಂಗುವಷ್ಟರಲ್ಲಿ ಅತ್ತೆ ಎದುರಿಗೆ ಬಂದು ಕುಳಿತರು.

"ಕಾಯಿಲೆ ಮನೇಲಿ ನಾನ್ಯಾಕೆ ಭಾರ ಅಂತ ನಾಳೆ ಹೊರಡೋಳಿದ್ದೆ. ತಲೆ ಗಟ್ಟಿಯಾಗೈತಂತಲ್ಲ? ಇನ್ನು ದೀಪಾವಳಿ ಮುಗಿಸ್ಕಂಡೇ ಹೋಯ್ತೀನಿ ಬಿಡಿ!"