ಸ್ಲೈಮ್ ನುಂಗಿದ ಚಕ್ರ

ವಾಚ್ ರಿಪೇರಿಯವನಿಗೆ ಒಂದು ಜಂಬವಿತ್ತು. ವಾಚಿಗೆ ಕಟ್ಟಿದ ಚೀಟಿಯನ್ನು ಅವನು ಓದುತ್ತಿರಲಿಲ್ಲ. "ನಾಡಿ ಹಿಡಿಯೋನಿಗೆ ಚೀಟಿ ಯಾಕೆ?" ಎಂದು ವಾಚನ್ನು ಕಿವಿಗೆ ಹಿಡಿಯುತ್ತಿದ್ದ. ನಿಂತಿದ್ದರೆ ನಡೆಸಿಯೇ ಬಿಡುತ್ತಿದ್ದ. ತನ್ನ ಮನೆಯ ಹೊಸಿಲನ್ನು ನಿಂತ ವಾಚು ದಾಟಿ ಹೊರಗೆ ಹೋದದ್ದೇ ಇಲ್ಲ ಎಂದು ದಿನಕ್ಕೆರಡು ಸಲ ಹೇಳದಿದ್ದರೆ ಅವನಿಗೆ ಉಂಡದ್ದು ಅರಗುತ್ತಿರಲಿಲ್ಲ.

ಅಂದು ಶಾಲೆಗೆ ರಜೆ. ಬಸ್ ಕಂಡಕ್ಟರ್ ಆಗಿದ್ದ ಹೆಂಡತಿ ಚೀಲವನ್ನು ಹೆಗಲಿಗೇರಿಸಿಕೊಂಡು ಬಾಗಿಲಲ್ಲಿ ನಿಂತಳು. "ಹೆಡ್ ಟೀಚರಮ್ಮ ಐದಕ್ಕೆ ವಾಚಿಗೆ ಬರ್ತಾರೆ. ನಾಳೆ ಅವರ ಮಗಳ ಹುಟ್ಟಿದ ದಿನವಂತೆ, ಅವಳಿಗೆ ಕೊಡೋದಕ್ಕೆ. ಅವರನ್ನ ಕೇಳಿ ನಾನೇ ಚೀಟಿ ಬರೆದಿದ್ದೀನಿ, ನೋಡಿ ಕೆಲಸ ಮಾಡಿ. ಮಕ್ಕಳು ಜೋಪಾನ."

ಹೆಡ್ ಟೀಚರಮ್ಮ ಎಂದರೆ ಮೂರನೇ ಕ್ಲಾಸಿನಲ್ಲಿ ಅವನ ಕಿವಿ ಹಿಂಡಿದವರು. ಆ ಬಾಯಿಂದ ಊರ ಮಕ್ಕಳೆಲ್ಲ 'ಭೇಷ್' ಅನ್ನಿಸಿಕೊಂಡಿದ್ದರು, ಇವನೊಬ್ಬನನ್ನು ಬಿಟ್ಟು. ಇವತ್ತು ಆ ಬಾಕಿ ತೀರಲೇಬೇಕು.

ವಾಚಿನ ಹೊಟ್ಟೆ ಬಿಚ್ಚಿದ್ದೇ ತಡ, ಏಳು ವರ್ಷದ ಪುಟ್ಟಿ ಒಂದು ಮಗ್ಗುಲಿಗೆ, ಐದು ವರ್ಷದ ಗುಂಡ ಇನ್ನೊಂದು ಮಗ್ಗುಲಿಗೆ ಬಂದು ನಿಂತರು.

"ಅಪ್ಪಾ, ಸ್ಲೈಮ್ ಮಾಡ್ಕೊಡು."

"ಅದೇನದು?"

"ಗೋಂದಿಗೆ ಬಟ್ಟೆ ಒಗೆಯೋ ಲಿಕ್ವಿಡ್ ಹಾಕಿ ಕಲಸೋದು. ಎಳೆದ್ರೆ ಉದ್ದ ಬರತ್ತೆ, ಬಿಟ್ರೆ ಸುಮ್ನೆ ಬಿದ್ಕೊಂಡಿರತ್ತೆ."

"ಸುಮ್ನೆ ಬಿದ್ಕೊಂಡಿರತ್ತಾ? ಹಾಗಾದ್ರೆ ನಿಮಗಿಂತ ವಾಸಿ."

"ಅಪ್ಪಾ, ಈ ಚೀಟಿ ಓದ್ಲಾ?" ಎಂದ ಗುಂಡ.

"ಚೀಟಿ ಬೇಡ, ಗೋಂದು ತಾ. ಬೇಗ ಮಾಡಿ ಮುಗಿಸೋಣ."

ಬಟ್ಟಲಲ್ಲಿ ಕಲಸಿದ್ದು ಗಂಜಿಯಂತೆ ಹರಿಯಿತು. ಮಹಡಿ ಮನೆಯ ಟೈಲರಮ್ಮ ಮೆಟ್ಟಿಲಿಂದಲೇ ಬಗ್ಗಿ ನೋಡಿ, "ಲಿಕ್ವಿಡ್ ಸಾಲ್ದು ಕಣಪ್ಪಾ, ಕೈ ಬಿಚ್ಚಿ ಹಾಕು!" ಎಂದಳು. ಹಾಕಿದ. ಟೈರಿನ ಹಾಗೆ ಬಿರುಸಾಯಿತು. ಎದುರುಮನೆಯ ಪೋಸ್ಟ್‌ಮಾಸ್ಟರ್ ತಾತ ಕೋಲೂರಿಕೊಂಡು ಬಂದು, "ಈಗ ಗೋಂದು ಸಾಲ್ದು," ಎಂದು ತೀರ್ಪು ಕೊಟ್ಟರು. ಒಬ್ಬರು ಏರಿಗೆಳೆದರೆ ಇನ್ನೊಬ್ಬರು ನೀರಿಗೆಳೆದು, ಬಟ್ಟಲಿನ ಸ್ಲೈಮ್ ಪಾತ್ರೆಗೆ ಬಂತು, ಪಾತ್ರೆಯದು ಬಕೆಟ್ಟಿಗೆ ಬಂತು. ಬಣ್ಣಕ್ಕೆಂದು ತಾತ ತಮ್ಮ ಹಳೆಯ ಮುದ್ರೆ ಶಾಯಿಯನ್ನೇ ಸುರಿದರು. ಎಲ್ಲ ಹದಕ್ಕೆ ಬಂದಾಗ ಅದು ನೇರಳೆ ಬಣ್ಣದ, ತಣ್ಣನೆಯ, ಹಸುಗೂಸಿನ ಕೆನ್ನೆಯಂಥ ಒಂದು ಮುದ್ದೆ! ಎಳೆದಷ್ಟೂ ಬರುತ್ತಿತ್ತು. ಮಕ್ಕಳ ಕೇಕೆ ಬೀದಿಗೆ ಕೇಳಿಸಿತು. ಅಪ್ಪನೂ ವಾಚು ಮರೆತು ಅರ್ಧ ಗಂಟೆ ಎಳೆದ.

ಎಚ್ಚರವಾದಾಗ ಮೂರು ಗಂಟೆ. ಕೈ ತೊಳೆದು ಕೂತ. ವಾಚಿನೊಳಗೆ ಒಂದು ಚಕ್ರ ಜಾಗ ಬಿಟ್ಟು ಸರಿದಿತ್ತು, ಅಷ್ಟೇ. ಸಾಸಿವೆಗಿಂತ ತುಸು ದೊಡ್ಡದಾದ ಅದನ್ನು ಚಿಮಟದಲ್ಲಿ ಎತ್ತಿ, ಒರೆಸಿ, ಇನ್ನೇನು ಕೂರಿಸಬೇಕು, ಗುಂಡ ಹಿಂದಿನಿಂದ ಬಂದು ಅಂಗೈಯಗಲದ ಸ್ಲೈಮನ್ನು ಕತ್ತಿನ ಮೇಲೆ ಅಂಟಿಸಿದ.

"ತಣ್ಣಗಿದೆಯಾ ಅಪ್ಪಾ?"

"ಅಯ್ಯಮ್ಮಾ!"

ಚಕ್ರ ಹಾರಿತು. ಮೇಜಿನ ಕೆಳಗೆ, ಚಾಪೆಯ ಅಡಿಗೆ, ಗೋಡೆಯ ಸಂದಿಗೆ ಅವನು ಅಂಬೆಗಾಲಿಟ್ಟು ಹುಡುಕಿದ. ಅರ್ಧ ಗಂಟೆಯಾದ ಮೇಲೆ ಪುಟ್ಟಿ ಹೇಳಿದಳು: "ಅದು ಬಕೆಟ್ಟಿಗೆ ಬಿತ್ತಪ್ಪಾ. ನಾನು ನೋಡ್ದೆ."

"ಆಗ್ಲೇ ಯಾಕೆ ಹೇಳ್ಲಿಲ್ಲ?"

"ನೀನು ಕೇಳ್ಲೇ ಇಲ್ಲ."

ಅಷ್ಟರಲ್ಲಿ ಬಕೆಟ್ಟು ಅರ್ಧ ಖಾಲಿಯಾಗಿತ್ತು. ಟೈಲರಮ್ಮ ಒಂದು ಮುದ್ದೆ, ತಾತ ಒಂದು ಮುದ್ದೆ ಒಯ್ದಿದ್ದರು. ಉಳಿದದ್ದನ್ನು ಅವನು ದೋಸೆಯಂತೆ ತೆಳ್ಳಗೆ ಹರಡಿ, ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ನೋಡಿದ. ಒಂದು ಗುಂಡಿ, ಮುರಿದ ಕ್ರೇಯಾನು ಸಿಕ್ಕವು, ಚಕ್ರವಿಲ್ಲ.

ಎಲ್ಲವನ್ನೂ ಮತ್ತೆ ಬಕೆಟ್ಟಿಗೆ ತುಂಬಿ ಮಹಡಿಗೆ ಓಡಿದ. ಟೈಲರಮ್ಮ ತನ್ನ ಮುದ್ದೆಗೆ ಗುಂಡುಸೂಜಿಗಳನ್ನೆಲ್ಲ ಚುಚ್ಚಿ ಮುಳ್ಳುಹಂದಿ ಮಾಡಿಟ್ಟಿದ್ದಳು. ಹಿಸುಕಿದಲ್ಲೆಲ್ಲ "ಹಾ! ಹೂ!" ಎಂದು ಹತ್ತು ಬೆರಳೂ ತೂತಾದವೇ ಹೊರತು ಚಕ್ರ ಸಿಗಲಿಲ್ಲ.

ತಾತನ ಮನೆಗೆ ಹಾರಿದ. ತಾತ ಪೇಪರು ಹಿಡಿದು ಕುರ್ಚಿಯಲ್ಲಿ ಕೂತಿದ್ದರು.

"ತಾತ, ನಿಮ್ಮ ಸ್ಲೈಮ್ ಎಲ್ಲಿ?"

"ಕುರ್ಚಿ ಕಾಲಿನ ಕೆಳಗೆ. ಎರಡು ವರ್ಷದಿಂದ ಕುಣೀತಿತ್ತು, ಇವತ್ತು ನಿಂತಿದೆ ನೋಡು."

"ಒಂಚೂರು ಏಳ್ತೀರಾ?"

"ಪದಬಂಧ ಮುಗೀಲಿ. ಇನ್ನು ನಾಲ್ಕೇ ಮನೆ."

ಕಾಯುವಷ್ಟು ಹೊತ್ತೆಲ್ಲಿದೆ? ತಾತನನ್ನು ಕುರ್ಚಿಸಮೇತ ಎತ್ತಿದ. "ಲೋ ಲೋ, ಇಳಿಸೋ!" ಎಂದು ತಾತ ಕೂಗುತ್ತಿದ್ದಂತೆ ಪುಟ್ಟಿ ಕೆಳಗೆ ನುಸುಳಿ ಚಪ್ಪಟೆಯಾದ ಮುದ್ದೆಯನ್ನು ಕಿತ್ತಳು. ಅದರ ನಟ್ಟನಡುವೆ ಚಕ್ರ ಮಿನುಗುತ್ತಿತ್ತು!

ತೊಳೆದು, ಒಣಗಿಸಿ, ಕೂರಿಸಿ, ಕೀಲಿ ಕೊಟ್ಟ. ಟಿಕ್, ಟಿಕ್, ಟಿಕ್. ಐದಕ್ಕೆ ಎರಡು ನಿಮಿಷವಿತ್ತು. ಬಾಗಿಲಲ್ಲಿ ಹೆಡ್ ಟೀಚರಮ್ಮ.

"ಕಿವಿಗಿಟ್ಟು ಕೇಳಿ ಟೀಚರ್," ಎಂದು ಎದೆಯುಬ್ಬಿಸಿ ಕೊಟ್ಟ.

ಅವರು ಕೇಳಿದರು. ಮುಖ ಬಿಳುಚಿತು. "ಇದು... ನಡೀತಾ ಇದೆ!"

"ಹೌದು ಟೀಚರ್!"

"ಯಾರೋ ಹೇಳಿದ್ದು ನಡೆಸು ಅಂತ? ಹೆರಿಗೆ ನೋವಲ್ಲಿ ಕೈನ ಮಂಚಕ್ಕೆ ಬಡಿದೆ, ಇದು ನಿಂತ್ಹೋಯ್ತು. ಆ ಗಳಿಗೆಗೇ ನನ್ನ ಮಗಳು ಮೊದಲನೇ ಸಲ ಅತ್ತಳು. ಎರಡು ಗಂಟೆ ಹದಿನೇಳು ನಿಮಿಷ. ಮೂವತ್ತು ವರ್ಷ ಹಾಗೇ ಇಟ್ಟಿದ್ದೆ ಕಣೋ!"

ಗುಂಡ ಮೇಜಿನ ಮೂಲೆಯ ಚೀಟಿ ಎತ್ತಿ ಒಂದೊಂದೇ ಅಕ್ಷರ ಕೂಡಿಸಿ ಓದಿದ: "ಹೊಸ... ಪಟ್ಟಿ... ಹಾಕಿ. ವಾಚು... ಮುಟ್ಟಬೇಡಿ."

ಟೀಚರಮ್ಮನ ಕೈ ತಾನಾಗಿ ಅವನ ಕಿವಿಗೆ ಹೋಯಿತು. "ಆಗಲೂ ಅಷ್ಟೇ, ಪ್ರಶ್ನೆ ಓದದೇ ಉತ್ತರ ಬರೀತಿದ್ದೆ. ಈಗ ಮುಳ್ಳನ್ನ ಎರಡು ಹದಿನೇಳಕ್ಕೆ ತಿರುಗಿಸಿ, ಆ ಚಕ್ರ ತೆಗೆದು, ಕಾಗದದಲ್ಲಿ ಸುತ್ತಿ ನನ್ನ ಕೈಗೆ ಕೊಡು."

ಮಧ್ಯಾಹ್ನವೆಲ್ಲ ಹುಡುಕಿದ ಚಕ್ರವನ್ನು ಅವನು ತಾನೇ ತೆಗೆಯಲು ಕೂತ. ಮುಳ್ಳು ತಿರುಗಿಸಿದ. ಉಸಿರು ಬಿಗಿಹಿಡಿದು ಚಿಮಟ ಎತ್ತಿದ. ಚಕ್ರ ಗಾಳಿಗೆ ಬಂದದ್ದೇ ತಡ, ಕತ್ತಿನ ಹಿಂದೆ ತಣ್ಣಗೆ ಏನೋ ಪಚಕ್ಕೆಂದಿತು.

"ಟೀಚರಮ್ಮಾ, ನೋಡಿ ನಮ್ಮ ಸ್ಲೈಮು!"

ಚಕ್ರ ಹಾರಿ ಬಕೆಟ್ಟಿಗೆ ಬಿತ್ತು. ಈ ಸಲ ಎಲ್ಲರೂ ನೋಡಿದರು.

ಟೀಚರಮ್ಮ ಬಗ್ಗಿ ಬಕೆಟ್ಟಿಗೆ ಕೈ ಹಾಕಿದರು, ಹಿಸುಕಿದರು, ಎಳೆದರು. ಇನ್ನಷ್ಟು ಎಳೆದರು. ಮುಖದ ಸಿಟ್ಟೆಲ್ಲ ಕರಗಿ ನಗು ಉಕ್ಕಿತು.

"ಎಷ್ಟು ಚೆನ್ನಾಗಿದೆ! ಯಾರು ಮಾಡಿದ್ದು?"

"ನಾವು!" ಎಂದರು ಪುಟ್ಟಿ, ಗುಂಡ.

"ಭೇಷ್!" ಎಂದರು ಟೀಚರಮ್ಮ, ಇಬ್ಬರ ಬೆನ್ನಿಗೂ ನೇರಳೆ ಕೈಯಲ್ಲಿ ತಟ್ಟಿ. ಆಮೇಲೆ ಅವನತ್ತ ತಿರುಗಿದರು. "ನೀನೇನು ನೋಡ್ತಿದ್ದೀಯೋ? ಹುಡುಕು."