ತೇಲುವ ಬ್ರಿಡ್ಜ್ ಅವರಿಗೆ ಎರಡು ಬೆಣೆಗಳ ಸಮೇತ

ನನ್ನ ಎಲೆಕ್ಟ್ರಿಕ್ ಗಿಟಾರಿನ ಹೊಟ್ಟೆಯ ಮೇಲೆ ವಿರಾಜಮಾನರಾಗಿ ಆರು ತಂತಿಗಳನ್ನು ಬುಡದಲ್ಲೇ ಹಿಡಿದು ಆಳುತ್ತಿರುವ ಟ್ರೆಮೊಲೊ ಬ್ರಿಡ್ಜ್ ಅವರ ಸನ್ನಿಧಿಗೆ, ಮರಗೆಲಸದವರ ಕಿರಿಯ ಮಗನ ನಮಸ್ಕಾರಗಳು.

ಮಾನ್ಯರೇ,

ತಾವು ಕ್ಷೇಮವೆಂದು ಬಲ್ಲೆ. ಕೆಟ್ಟಿದ್ದು ನನ್ನ ಕ್ಷೇಮ. ಮೊದಲು ನನ್ನ ತಪ್ಪನ್ನೇ ಒಪ್ಪಿಕೊಳ್ಳುತ್ತೇನೆ. ತಮ್ಮನ್ನು ನಾನು ಆರಿಸಲಿಲ್ಲ, ತಲೆಯಾಡಿಸಿದೆ ಅಷ್ಟೆ. ಹಳೆಯ ಬ್ರಿಡ್ಜ್ ಬದಲಿಸಲು ಹೋದಾಗ ಅಂಗಡಿಯವರು ಗಾಜಿನ ಮೇಜಿನ ಮೇಲೆ ತಮ್ಮ ಕುಲದ ಮೂವರನ್ನು ಕೂರಿಸಿದ್ದರು: ಅಲ್ಲಾಡದೆ ಇರುವವರೊಬ್ಬರು, ಹಿಡಿಕೆ ಒತ್ತಿದರೆ ಸ್ವರವನ್ನು ಕೆಳಕ್ಕೆ ಮಾತ್ರ ಇಳಿಸುವವರೊಬ್ಬರು, ಕೆಳಕ್ಕೂ ಮೇಲಕ್ಕೂ ಅಲೆಯಂತೆ ತೂಗುವ ತಾವು. ನನಗೆ ಬೇಕಾಗಿದ್ದವರು ಆ ಅಲ್ಲಾಡದವರು. ಆದರೆ ಅಂಗಡಿಯವರು ನೇರ ಮುಖ ನೋಡಿ "ತೇಲೋದೇ ಕೊಡ್ಲಾ?" ಅಂದರು. ಯಾರಾದರೂ ಹಾಗೆ ಮುಖ ನೋಡಿ ಮಾತಾಡಿಸಿದರೆ ನನ್ನ ತಲೆ ನನ್ನನ್ನು ಕೇಳದೆಯೇ ಆಡಿಬಿಡುತ್ತದೆ.

ಅಕ್ಕನ ಮದುವೆಗೆ ಆಗ ಎಂಟು ದಿನ ಉಳಿದಿತ್ತು. ಅವಳಿಗಿಷ್ಟವಾದ ಹಾಡನ್ನು ಮದುವೆಯ ದಿನ ಎಲ್ಲರೆದುರು ನುಡಿಸುತ್ತೇನೆಂದು ಮಾತು ಕೊಟ್ಟಿದ್ದೆ, ಅದೂ ಬಾಯಿ ಬಾರದೆ ಚೀಟಿಯಲ್ಲಿ ಬರೆದು. ಚೀಟಿಯನ್ನು ಅವಳು ಕನ್ನಡಿಗೆ ಅಂಟಿಸಿಕೊಂಡಿದ್ದಳು.

ತಮ್ಮನ್ನು ಕೂರಿಸಿ ನೋಡಿದರೆ ಅಡಿಯಲ್ಲಿ ಉಗುರು ತೂರುವಷ್ಟು ಸಂದು. ಸಂದು ಬಿಟ್ಟ ಮೇಜೋ ಬಾಗಿಲೋ ನಮ್ಮ ಮನೆಯಿಂದ ಹೊರಗೆ ಹೋದರೆ ಅಪ್ಪ ಎರಡು ದಿನ ಯಾರೊಡನೆಯೂ ಮಾತಾಡುವುದಿಲ್ಲ. ಹಾಗಾಗಿ ಗಿಟಾರಿನ ಬೆನ್ನಲ್ಲಿರುವ ತಮ್ಮ ಸ್ಪ್ರಿಂಗುಗಳನ್ನು ಶ್ರದ್ಧೆಯಿಂದ ಬಿಗಿದು, ಸಂದು ಮುಚ್ಚಿ, ಹೆಮ್ಮೆಯಿಂದ ಮೀಟಿದೆ. ಆರೂ ತಂತಿಗಳು ಒಟ್ಟಿಗೇ ಕಿರುಚಿದವು. ಒಂದು ಕಡೆ ತಂತಿ, ಇನ್ನೊಂದು ಕಡೆ ಸ್ಪ್ರಿಂಗು ಎಳೆಯುತ್ತಿರಲು ತಾವು ತಕ್ಕಡಿಯ ಮುಳ್ಳಿನಂತೆ ನಡುವೆ ನಿಲ್ಲುತ್ತೀರೆಂದೂ, ಆ ಸಂದೇ ತಮ್ಮ ಉಸಿರೆಂದೂ ನನಗೆ ಆಮೇಲೆ ತಿಳಿಯಿತು. ಬಿಗಿದದ್ದನ್ನು ಸಡಿಲಿಸಿದೆ. ಆದರೆ ಒಂದು ತಂತಿಯನ್ನು ಶ್ರುತಿಗೆ ತಂದರೆ ಉಳಿದ ಐದು, ಮೊದಲು ಮಾತಾಡಿಸಲಿಲ್ಲವೆಂದು ಎದ್ದು ಹೋಗುವ ನೆಂಟರಂತೆ, ಮುನಿಸಿಕೊಂಡು ಜಾರುತ್ತಿದ್ದವು. ಏಳು ದಿನ ನಾನು ನುಡಿಸಲಿಲ್ಲ, ರಾಜಿ ಮಾಡಿಸಿದೆ. ಡ್ರಮ್ ಬಾರಿಸುವ ಅಣ್ಣ ಕೊನೆಗೆ, "ನಾಳೆನೂ ಹಿಂಗೇ ಅಪಸ್ವರ ಬಂದ್ರೆ ಗಿಟಾರ್ ಕಿತ್ಕೊಂಡು ಕೈಗೆ ಗಿಲಕಿ ಕೊಡ್ತೀನಿ ಕಣೋ" ಎಂದ.

ಅಪ್ಪ ಗಿಟಾರನ್ನು ಹಲಗೆಯಂತೆ ಬೋರಲು ಹಾಕಿ, ಕಣ್ಣು ಕಿರಿದು ಮಾಡಿ ನೋಡಿದರು. "ಇದು ಅಲ್ಲಾಡ್ಬೇಕೋ, ನಿನಗೆ ಹಾಡು ಬೇಕೋ?" ನಾನು ಎರಡಕ್ಕೂ ತಲೆಯಾಡಿಸಿದೆ. ನನ್ನ ತಲೆಯ ಸ್ವಭಾವ ಬಲ್ಲ ಅವರು ಮೇಜಿನ ಕಾಲಿನಲ್ಲಿ ಉಳಿದ ಚೂರಿನಿಂದ ಎರಡು ಬೆಣೆ ಕೆತ್ತಿ, ತಮ್ಮ ಹಿಂದೊಂದು ಮುಂದೊಂದು ಬಡಿದು ಕೂರಿಸಿದರು. ಜಗತ್ತಿನ ಅತಿ ಚಂಚಲ ಬ್ರಿಡ್ಜ್ ಆದ ತಾವು ಕದಲದೆ ನಿಂತ ಆ ಗಾಂಭೀರ್ಯವನ್ನು ಎಷ್ಟು ಹೊಗಳಿದರೂ ಸಾಲದು.

ಮರುದಿನ ಮದುವೆಯಲ್ಲಿ ಶ್ರುತಿ ಕೂದಲೆಳೆಯಷ್ಟೂ ಜಾರಲಿಲ್ಲ. ಆದರೆ ಇನ್ನೂರು ಜನ ಒಮ್ಮೆಗೇ ನನ್ನ ಕಡೆ ತಿರುಗಿದಾಗ ತಂತಿಯ ಮೇಲಿದ್ದ ಬೆರಳು ಹೆದರಿ ನಡುಗತೊಡಗಿತು, ಕೊನೆಯ ಸ್ವರ ಗಾಳಿಗೆ ಸಿಕ್ಕ ದೀಪದಂತೆ ಅಲುಗಿ ಅಲುಗಿ ನಿಂತಿತು. ಅಕ್ಕ ಕಣ್ಣೊರೆಸಿಕೊಂಡಳು. ಬೆಣೆಗಳ ಸುದ್ದಿ ತಿಳಿಯದ ಅಣ್ಣ ಓಡಿ ಬಂದು, "ಆ ಅಲುಗಾಟ ಇತ್ತಲ್ಲ, ಅಬ್ಬಾ! ಹೊಸ ಬ್ರಿಡ್ಜ್ ಮಹಿಮೆ ಅಲ್ವೇನೋ?" ಎಂದು ನನ್ನ ಮುಖವನ್ನೇ ನೋಡಿದ.

ನಾನು ತಲೆಯಾಡಿಸಿದೆ.

ನನ್ನ ಅಹವಾಲು ಇದೇ. ಬೆಣೆಗಳ ನಡುವೆ ಸುಮ್ಮನೆ ಕುಳಿತಿದ್ದ ತಾವು ದಯಮಾಡಿ ಎದ್ದು ಬಂದು, ನಡುಗಿದ್ದು ನನ್ನ ಬೆರಳೆಂದು ಅಣ್ಣನಿಗೆ ತಿಳಿಸಬೇಕು. ಏಕೆಂದರೆ ಅದನ್ನು ಹೇಳುವ ಧೈರ್ಯ ನನಗಿಲ್ಲ.

ಇಂತಿ, ಬಾಯಿ ಬರುವವರೆಗೂ ತಮ್ಮ ವಿಶ್ವಾಸಿಯಾಗಿಯೇ ಇರಬೇಕಾದ,
ತಲೆಯಾಡಿಸುವವನು

ಮರೆತ ಮಾತು: ಅಣ್ಣ ತನ್ನ ಗೆಳೆಯನ ಗಿಟಾರಿಗೂ ತಮ್ಮಂಥವರನ್ನೇ ಹಾಕಿಸಲು ನಿನ್ನೆ ನನ್ನನ್ನು ಅಂಗಡಿಗೆ ಕಳಿಸಿದ್ದ. ಅಂಗಡಿಯವರು ಮುಖ ನೋಡಿ ಕೇಳಿದರು. ತಮ್ಮ ತಮ್ಮನವರು ನಾಳೆ ಬರುತ್ತಾರೆ. ಅಪ್ಪ ಇನ್ನೆರಡು ಬೆಣೆ ಕೆತ್ತುತ್ತಿದ್ದಾರೆ.